ಹಳೆಯ ಕಾರಿನ ಒಳಗಿನ ಪ್ಲಾಸ್ಟಿಕ್‌ಗೆ ಹೊಸ ಬಣ್ಣ: ಬಿಚ್ಚುವುದರಿಂದ ಮರಳಿ ಕೂರಿಸುವವರೆಗೆ

ಕ್ಲಾಸಿಕ್ ಕಾರು ಇಟ್ಟುಕೊಂಡವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: “ಡ್ಯಾಶ್‌ಬೋರ್ಡಿನ ತುಂಡುಗಳಿಗೆ ಸ್ಪ್ರೇ ಹೊಡೆದೆ. ಮೊದಮೊದಲು ಚೆನ್ನಾಗಿಯೇ ಕಾಣುತ್ತಿತ್ತು. ಈಗ ಉಗುರು ತಗುಲಿದಲ್ಲೆಲ್ಲ ಚಕ್ಕೆ ಏಳುತ್ತಿದೆ. ಯಾವ ಬಣ್ಣ ಕೊಳ್ಳಬೇಕಿತ್ತು?”

ಬಣ್ಣದ ಮೇಲೆ ಅನುಮಾನ ಬರುವುದು ಸಹಜ. ಆದರೆ ಹೀಗೆ ಕೆಟ್ಟ ಕೆಲಸಗಳಲ್ಲಿ ತಪ್ಪು ಸಾಮಾನ್ಯವಾಗಿ ಬಣ್ಣದ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲೇ ನಡೆದುಹೋಗಿರುತ್ತದೆ. ಸರಿಯಾಗಿ ತೊಳೆದಿರುವುದಿಲ್ಲ, ಅಥವಾ ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ನೋಡಿರುವುದಿಲ್ಲ. ಆದ್ದರಿಂದ ಇಲ್ಲಿ ಸ್ಪ್ರೇ ಮಾಡುವುದಕ್ಕಿಂತ ಅದರ ಹಿಂದಿನ ಸಿದ್ಧತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಅವಸರದಲ್ಲಿ ಇರುವವರು ಹಂತ 2 ಮತ್ತು 3ನ್ನಾದರೂ ಪೂರ್ತಿ ಓದಿ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಕಾರಿನ ಪ್ಲಾಸ್ಟಿಕ್‌ಗೆ ನಿಜಕ್ಕೂ ಬಣ್ಣ ಬೇಕೇ? ದಶಕಗಳಿಂದ ಕೂತ ಕೊಳೆ, ಕೈಯ ಜಿಡ್ಡು, ಯಾರೋ ಹಚ್ಚಿದ ಪಾಲಿಶ್ ಎಲ್ಲ ಸೇರಿ ಮೂಲ ಬಣ್ಣವೇ ಮಾಸಿದಂತೆ ಕಾಣಿಸುತ್ತದೆ. ಒಂದು ಸಣ್ಣ ತುಂಡನ್ನು ಬಿಚ್ಚಿ, ಬೆಚ್ಚಗಿನ ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ನೆರಳಿನಲ್ಲಿ ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಅದು ಒಪ್ಪುವಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಒಮ್ಮೆ ಬಣ್ಣ ಬಿದ್ದ ಮೇಲೆ ಕಾರ್ಖಾನೆಯ ಮೇಲ್ಮೈ ಮರಳಿ ಸಿಗುವುದಿಲ್ಲ. ಮೂಲ ಸ್ಥಿತಿಯಲ್ಲಿರುವ ಕಾರಿಗೆ ಬೆಲೆ ಕೊಡುವವರು ಇದನ್ನು ಮೊದಲು ಗಮನಿಸುತ್ತಾರೆ.

ಕೆಲವು ಭಾಗಗಳಿಗೆ ಬಣ್ಣ ಮುಟ್ಟಿಸಲೇಬಾರದು. ಸೀಟ್ ಬೆಲ್ಟಿನ ಪಟ್ಟಿ, ಅದರ ಬಕಲ್ ಮತ್ತು ಸುರುಳಿಯ ಯಂತ್ರ ಈ ಗುಂಪಿಗೆ ಸೇರುತ್ತವೆ. 1980ರ ದಶಕದ ಕೆಲವು ಕಾರುಗಳಲ್ಲಿ ಏರ್‌ಬ್ಯಾಗ್ ಇರುತ್ತದೆ. ಅದರ ಮುಚ್ಚಳ ಸ್ಫೋಟದ ಕ್ಷಣದಲ್ಲಿ ನಿಗದಿತ ಗೆರೆಯಲ್ಲೇ ಸೀಳಬೇಕು, ಆದ್ದರಿಂದ ಅದನ್ನೂ ಬಿಡಿ. ಹಿಂದಿನಿಂದ ಬಲ್ಬಿನ ಬೆಳಕು ಹಾಯುವ ಬಟನ್‌ಗಳಿಗೆ ಬಣ್ಣ ಹೊಡೆದರೆ ರಾತ್ರಿ ಅವು ಕಾಣುವುದಿಲ್ಲ.

ಬೇಕಾಗುವ ಸಾಮಾನು

ಬಿಚ್ಚಲು ಸ್ಕ್ರೂಡ್ರೈವರ್‌ಗಳು ಮತ್ತು ಪ್ಲಾಸ್ಟಿಕ್ಕಿನ ಎಬ್ಬುಗೋಲು, ಅಂದರೆ ಕ್ಲಿಪ್ಪುಗಳನ್ನು ಗೀರು ಬೀಳದಂತೆ ಎಬ್ಬುವ ಚಪ್ಪಟೆ ಸಾಧನ. ತೊಳೆಯಲು ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬ್ರಷ್‌ಗಳು, ನೂಲು ಬಿಡದ ಬಟ್ಟೆ, ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣ, ಐಸೊಪ್ರೊಪೈಲ್ ಆಲ್ಕೋಹಾಲ್. ಉಜ್ಜಲು 400, 600 ಮತ್ತು 800 ನಂಬರಿನ ಸ್ಯಾಂಡ್‌ಪೇಪರ್ ಹಾಗೂ ಬೂದು ಬಣ್ಣದ ನಾರಿನ ಉಜ್ಜುಪ್ಯಾಡ್. ಬಣ್ಣದ ಕೆಲಸಕ್ಕೆ ಪ್ಲಾಸ್ಟಿಕ್ ಪ್ರೈಮರ್ (ಬಣ್ಣದ ಅಡಿಯ ತಳಪದರ) ಅಥವಾ ಅಡ್ಹೀಷನ್ ಪ್ರಮೋಟರ್ (ಬಣ್ಣ ಹಿಡಿಯುವಂತೆ ಮಾಡುವ ದ್ರವ), ಬಣ್ಣ, ಬೇಕಿದ್ದರೆ ಮ್ಯಾಟ್ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಹೊಳಪಿಲ್ಲದ ಪಾರದರ್ಶಕ ಪದರ), ಮಾಸ್ಕಿಂಗ್ ಟೇಪ್. ಇವುಗಳಲ್ಲಿ ಯಾವುದು ಯಾವಾಗ ಬೇಕು ಎಂಬುದು ಮುಂದೆ ಬರುತ್ತದೆ. ಎಲ್ಲವನ್ನೂ ಮೊದಲೇ ಕೊಳ್ಳುವ ಅಗತ್ಯವಿಲ್ಲ.

ಜೊತೆಗೆ ನೈಟ್ರೈಲ್ ಕೈಗವಸು, ಕನ್ನಡಕ ಮತ್ತು ದ್ರಾವಕದ ಆವಿಯನ್ನು ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್. ಬಟ್ಟೆಯ ಮಾಸ್ಕ್ ಅಥವಾ ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಇನ್ನೊಂದು ಎಚ್ಚರಿಕೆ: ಗಟ್ಟಿಕಾರಕ ಬೆರೆಸಿ ಹೊಡೆಯುವ ‘2ಕೆ’ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಾಟದೊಂದಿಗೆ ಒಳಹೋದರೆ ಅದು ಆಸ್ತಮಾ ತರಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಮತ್ತು ಸ್ಪ್ರೇ ಬೂತ್ ಇಲ್ಲದವರು ಅದರ ತಂಟೆಗೆ ಹೋಗಬೇಡಿ. ಕಾರಿನ ಒಳಭಾಗಕ್ಕೆ ಅಷ್ಟು ಗಟ್ಟಿ ಬಣ್ಣದ ಅಗತ್ಯವೂ ಇಲ್ಲ.

ಹಂತ 1: ಬಿಚ್ಚುವುದು

ತುಂಡನ್ನು ಕಾರಿನಲ್ಲೇ ಬಿಟ್ಟು, ಸುತ್ತ ಟೇಪು ಅಂಟಿಸಿ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅಂಚುಗಳನ್ನು ತೊಳೆಯಲಾಗುವುದಿಲ್ಲ, ಉಜ್ಜಲಾಗುವುದಿಲ್ಲ. ಬಣ್ಣ ಮೊದಲು ಬಿಡುವುದು ಅಂಚಿನಲ್ಲೇ. ಮೇಲಾಗಿ ಸ್ಪ್ರೇಯ ಮಂಜು ಸೀಟು, ಗಾಜು, ಗಡಿಯಾರ ಎಲ್ಲದರ ಮೇಲೂ ಕೂರುತ್ತದೆ.

ಡ್ಯಾಶ್‌ಬೋರ್ಡ್ ಮುಟ್ಟುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಹಳೆಯ ಕಾರುಗಳಲ್ಲಿ ಸ್ವಿಚ್ಚುಗಳ ಹಿಂದಿನ ತಂತಿಗಳ ಹೊದಿಕೆ ಒಣಗಿ ಬಿರಿದಿರುತ್ತದೆ, ಎಳೆದಾಡಿದರೆ ಶಾರ್ಟ್ ಆಗುತ್ತದೆ. ಬಿಚ್ಚುವ ಮೊದಲು ಮತ್ತು ಬಿಚ್ಚುತ್ತಾ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಸ್ಕ್ರೂಗಳನ್ನು ತುಂಡಿಗೊಂದು ಪೊಟ್ಟಣದಂತೆ ಹಾಕಿ ಹೆಸರು ಬರೆದಿಡಿ. ಉದ್ದದಲ್ಲಿ ಕೂದಲೆಳೆಯಷ್ಟು ಹೆಚ್ಚಿರುವ ಸ್ಕ್ರೂವನ್ನು ತಪ್ಪು ಜಾಗದಲ್ಲಿ ಬಿಗಿದರೆ ಅದು ಮುಂಭಾಗದಲ್ಲಿ ತಲೆ ತೋರಿಸುತ್ತದೆ.

ಹಳೆಯ ಪ್ಲಾಸ್ಟಿಕ್ ತಣ್ಣಗಿರುವಾಗ ಗಾಜಿನಂತೆ ಪುಡಿಯಾಗುತ್ತದೆ. ಬಿಸಿಲಿನಲ್ಲಿ ಕಾರು ಬೆಚ್ಚಗಾದ ಮೇಲೆ ಬಿಚ್ಚಿ, ಅಥವಾ ಕ್ಲಿಪ್ಪಿರುವ ಜಾಗಕ್ಕೆ ಹೇರ್ ಡ್ರೈಯರ್‌ನ ಬಿಸಿಗಾಳಿ ತೋರಿಸಿ. ಎಬ್ಬುವಾಗ ಒಂದೇ ಕಡೆ ಬಲ ಹಾಕದೆ ಕ್ಲಿಪ್ಪಿನ ಪಕ್ಕಕ್ಕೇ ಸಾಧನ ತೂರಿಸಿ. ಒಂದು ಕ್ಲಿಪ್ ಬಿಡದಿದ್ದರೆ ಎಲ್ಲೋ ಇನ್ನೊಂದು ಸ್ಕ್ರೂ ಅಡಗಿದೆ ಎಂದೇ ತಿಳಿಯಿರಿ. ಬೂದಿಡಬ್ಬಿಯ ಅಡಿ, ಸಣ್ಣ ಮುಚ್ಚಳಗಳ ಹಿಂದೆ, ಬಾಗಿಲ ಹಿಡಿಕೆಯ ಗುಂಡಿಯೊಳಗೆ ಹುಡುಕಿ.

ಹಂತ 2: ಪ್ಲಾಸ್ಟಿಕ್ಕಿನ ಜಾತಿ ತಿಳಿಯುವುದು

ಕಾರಿನ ಒಳಗೆ ಮುಖ್ಯವಾಗಿ ಮೂರು ಜಾತಿ ಸಿಗುತ್ತವೆ. ಮೂರಕ್ಕೂ ಮೂರು ದಾರಿ.

ಎಬಿಎಸ್: ಗಟ್ಟಿ, ತಟ್ಟಿದರೆ ಟಕಟಕ ಸದ್ದು. ಗೇಜುಗಳ ಸುತ್ತಲಿನ ಚೌಕಟ್ಟು, ಗಾಳಿಕಿಂಡಿ, ಸ್ಟಿಯರಿಂಗ್ ಕಂಬದ ಹೊದಿಕೆ ಹೆಚ್ಚಾಗಿ ಇದರವು. ಬಣ್ಣ ಇದಕ್ಕೆ ಸುಲಭವಾಗಿ ಹಿಡಿಯುತ್ತದೆ.

ಪಿಪಿ, ಅಂದರೆ ಪಾಲಿಪ್ರೊಪಿಲೀನ್: ಮುಟ್ಟಿದರೆ ಸ್ವಲ್ಪ ಮೇಣದಂಥ ಜಾರು, ಬಾಗಿಸಿದರೆ ಬಾಗುತ್ತದೆ. 1970ರ ದಶಕದಿಂದ ಈಚಿನ ಕಾರುಗಳ ಕಾಲಿನ ಬಳಿಯ ಒದೆಫಲಕ, ಕನ್ಸೋಲ್, ಚಾವಣಿ ಹೊರುವ ಕಂಬಗಳ ಹೊದಿಕೆಗಳಲ್ಲಿ ಕಾಣುತ್ತದೆ. ಇದಕ್ಕೆ ಬಣ್ಣವಷ್ಟೇ ಅಲ್ಲ, ಅಂಟೂ ಹಿಡಿಯುವುದಿಲ್ಲ. ಅಡ್ಹೀಷನ್ ಪ್ರಮೋಟರ್ ಇಲ್ಲದೆ ಇದರ ಮೇಲೆ ಹೊಡೆದ ಬಣ್ಣ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬರುತ್ತದೆ.

ಮೆದು ಪಿವಿಸಿ, ಬಳಕೆಯಲ್ಲಿ ವಿನೈಲ್: ಒಳಗೆ ಫೋಮ್ ತುಂಬಿದ ಡ್ಯಾಶ್‌ಬೋರ್ಡಿನ ಮೇಲ್ಪದರ, ಬಾಗಿಲ ಪ್ಯಾಡ್, ತೋಳೊರಗು. ಇದನ್ನು ಮೆತ್ತಗಿಡಲು ಬೆರೆಸಿದ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಮೇಲಕ್ಕೆ ಒಸರುತ್ತದೆ. ಹಳೆಯ ಕಾರುಗಳ ಮುಂಗಾಜಿನ ಒಳಮೈಯಲ್ಲಿ ಕೂರುವ ಮಬ್ಬಿಗೆ, ಡ್ಯಾಶ್‌ಬೋರ್ಡಿನ ಅಂಟಂಟಿಗೆ ಇದು ಒಂದು ದೊಡ್ಡ ಕಾರಣ. ಸಾಮಾನ್ಯ ಬಣ್ಣ ಹೊಡೆದರೆ ಈ ಎಣ್ಣೆ ಅದನ್ನೂ ದಾಟಿ ಬಂದು ಬಣ್ಣವನ್ನು ಒಣಗಲು ಬಿಡುವುದಿಲ್ಲ. ತಿಂಗಳು ಕಳೆದರೂ ಬೆರಳಿಗೆ ಅಂಟುತ್ತಲೇ ಇರುತ್ತದೆ.

ಇನ್ನೂ ಹಳೆಯ ಕಾರುಗಳ ಗುಬುಟುಗಳಲ್ಲಿ, ಅಂದರೆ ನಾಬ್‌ಗಳಲ್ಲಿ, ಬೇಕಲೈಟ್ ಇರಬಹುದು. ಅದು ಕರಗದ, ಬಾಗದ, ಒಡೆಯುವ ವಸ್ತು. ಅದನ್ನು ಬಣ್ಣ ಹೊಡೆಯುವ ಬದಲು ನುಣ್ಣಗೆ ಪಾಲಿಶ್ ಮಾಡುವುದೇ ಒಳ್ಳೆಯದು.

ಜಾತಿ ಗುರುತಿಸುವುದು ಹೇಗೆ? ಮೊದಲು ಹಿಂಬದಿ ನೋಡಿ. 1990ರ ದಶಕದಿಂದ ಈಚಿನ ತುಂಡುಗಳಲ್ಲಿ ಎಬಿಎಸ್, ಪಿಪಿ ಎಂಬ ಅಕ್ಷರಗಳನ್ನು ಎರಡು ಬಾಣದ ಗುರುತುಗಳ ನಡುವೆ ಅಚ್ಚೊತ್ತಿರುವುದು ಸಾಮಾನ್ಯ. ಅದಕ್ಕಿಂತ ಹಳೆಯವುಗಳಲ್ಲಿ ಹೆಚ್ಚಾಗಿ ಏನೂ ಇರುವುದಿಲ್ಲ. ಆಗ ಕಾಣದ ಜಾಗದಿಂದ ಚೂರಿಯಲ್ಲಿ ಒಂದು ಸಣ್ಣ ಎಳೆ ಕೆತ್ತಿ, ಒಂದು ಹನಿ ಸೋಪು ಬೆರೆಸಿದ ನೀರಿಗೆ ಹಾಕಿ ಮುಳುಗಿಸಿ ಬಿಡಿ. ಪಿಪಿ ನೀರಿಗಿಂತ ಹಗುರ, ತೇಲಿ ಬರುತ್ತದೆ. ಎಬಿಎಸ್ ಮತ್ತು ಪಿವಿಸಿ ಮುಳುಗುತ್ತವೆ. ಟಾಲ್ಕ್ ಪುಡಿ ಬೆರೆಸಿ ಗಟ್ಟಿಮಾಡಿದ ಪಿಪಿಯೂ ಮುಳುಗಬಹುದು. ಹೀಗಾಗಿ ಎಳೆ ಮುಳುಗಿದರೆ ಇನ್ನೊಂದು ಪರೀಕ್ಷೆ: ಹಿಂಬದಿಯ ಮೂಲೆಗೆ ಹತ್ತಿಯಲ್ಲಿ ಅಸಿಟೋನ್ ಒತ್ತಿ. ಎಬಿಎಸ್ ಆದರೆ ಕೆಲವೇ ಕ್ಷಣಗಳಲ್ಲಿ ಮೇಲ್ಮೈ ಕರಗಿ ಅಂಟಾಗುತ್ತದೆ. ಪಿಪಿಗೆ ಏನೂ ಆಗುವುದಿಲ್ಲ.

ಸುಟ್ಟು ವಾಸನೆ ನೋಡುವ ಹಳೆಯ ಉಪಾಯವನ್ನು ಮರೆತುಬಿಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಬರುತ್ತದೆ.

ಹಂತ 3: ತೊಳೆಯುವುದು

ಇಡೀ ಕೆಲಸದ ಬಲ ಇಲ್ಲಿದೆ. ನಿಮ್ಮ ಶತ್ರು ಕೊಳೆಯಲ್ಲ, ಸಿಲಿಕೋನ್. ಡ್ಯಾಶ್‌ಬೋರ್ಡಿಗೆ ಮಿರುಗು ಕೊಡುವ ಪಾಲಿಶ್‌ಗಳಲ್ಲಿ ಬಹಳಷ್ಟು ಸಿಲಿಕೋನ್ ಎಣ್ಣೆಯವೇ. ಹಿಂದಿನ ಮಾಲೀಕರು ಎಷ್ಟು ವರ್ಷ ಅದನ್ನು ಒರೆಸಿದ್ದರೋ ನಿಮಗೆ ತಿಳಿಯದು. ಕಣ್ಣಿಗೆ ಕಾಣದಷ್ಟು ಉಳಿದರೂ ಸಾಕು. ಒದ್ದೆ ಬಣ್ಣ ಅದರ ಮೇಲೆ ಬಿದ್ದ ಕೂಡಲೇ ಆ ಬಿಂದುವಿನಿಂದ ಹಿಂದಕ್ಕೆ ಸರಿಯುತ್ತದೆ. ನಡುವೆ ಬರಿ ಪ್ಲಾಸ್ಟಿಕ್, ಸುತ್ತ ಬಣ್ಣದ ಸಣ್ಣ ಏರಿ. ಸಾಸಿವೆ ಗಾತ್ರದ ಗುಂಡು ಗುಳಿಗಳು ಕಣ್ಣೆದುರೇ ತೆರೆಯುತ್ತವೆ. ಮೀನಿನ ಕಣ್ಣು ಎಂದು ಪೇಂಟರುಗಳು ಕರೆಯುವುದು ಇದನ್ನೇ. ಮೇಲೆ ಎಷ್ಟು ಬಣ್ಣ ಸುರಿದರೂ ಅವು ಮುಚ್ಚುವುದಿಲ್ಲ.

ಮೊದಲ ಸುತ್ತು: ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಬ್ರಷ್. ಗೀರುಗಳಿಗೆ, ಗಾಳಿಕಿಂಡಿಯ ಪಟ್ಟಿಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಿಂಬದಿಯನ್ನೂ ತೊಳೆಯಿರಿ. ಇಲ್ಲವಾದರೆ ಅಲ್ಲಿನ ಧೂಳು ಸ್ಪ್ರೇಯ ಗಾಳಿಗೆ ಎದ್ದು ಮುಂದೆ ಬಂದು ಕೂರುತ್ತದೆ. ಚೆನ್ನಾಗಿ ಜಾಲಿಸಿ, ಒಣಗಿಸಿ.

ಎರಡನೆಯ ಸುತ್ತು: ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣ. ಎರಡು ಬಟ್ಟೆ ಬೇಕು. ಒಂದರಿಂದ ಒದ್ದೆಯಾಗಿ ಹಚ್ಚಿ. ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿ ಒರೆಸಿ. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ, ನೀವು ಅದನ್ನು ಹರಡಿದ್ದಷ್ಟೇ ಲಾಭ. ಬಟ್ಟೆಯ ಮಗ್ಗುಲು ಆಗಾಗ ಬದಲಿಸಿ, ಕೊಳೆ ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಯಾವ ದ್ರಾವಣವನ್ನಾದರೂ ಮೊದಲು ಹಿಂಬದಿಯಲ್ಲಿ ಪರೀಕ್ಷಿಸಿ. ಥಿನ್ನರ್ ಮತ್ತು ಅಸಿಟೋನ್ ತೊಳೆಯುವ ಕೆಲಸಕ್ಕೆ ಬೇಡವೇ ಬೇಡ.

ಗೇಜುಗಳ ಮುಂದಿನ ಪಾರದರ್ಶಕ ‘ಗಾಜು’ ಎಷ್ಟೋ ಕಾರುಗಳಲ್ಲಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಆಲ್ಕೋಹಾಲ್ ತಗುಲಿದರೆ ಅದರಲ್ಲಿ ಜೇಡರ ಬಲೆಯಂಥ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಸೋಪಿನ ನೀರು ಬಿಟ್ಟು ಬೇರೇನೂ ಅದರ ಹತ್ತಿರ ಹೋಗದಿರಲಿ.

ಉಜ್ಜುವುದು ಹಂತ 5ರಲ್ಲಿ ಬರುತ್ತದೆ. ತೊಳೆಯುವ ಮೊದಲು ಉಜ್ಜಬೇಡಿ. ಉಜ್ಜಿದ ಗೀರುಗಳೊಳಗೆ ಸಿಲಿಕೋನನ್ನು ನೀವೇ ಒತ್ತಿ ತುಂಬಿದಂತಾಗುತ್ತದೆ, ಆಮೇಲೆ ಅದನ್ನು ಹೊರಗೆ ತರುವುದು ಬಲು ಕಷ್ಟ. ಹೊಸದಾಗಿ ಕೊಂಡ ನಕಲು ತುಂಡುಗಳಿಗೂ ಈ ತೊಳೆತ ತಪ್ಪಿದ್ದಲ್ಲ: ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಬಳಸಿದ ಜಾರುದ್ರವ ಅವುಗಳ ಮೈಮೇಲೆ ಉಳಿದಿರುತ್ತದೆ.

ಹಂತ 4: ಬಿರುಕು, ಮುರುಕು

ಎಬಿಎಸ್ ಬಿರುಕಿಗೆ ಒಳ್ಳೆಯ ಮದ್ದು ಎಬಿಎಸ್ಸೇ. ಬಿರುಕು ಮುಂದೆ ಓಡದಂತೆ ಅದರ ತುದಿಯಲ್ಲಿ 2 ಮಿ.ಮೀ. ತೂತು ಕೊರೆಯಿರಿ. ಕೆಲಸಕ್ಕೆ ಬಾರದ ಎಬಿಎಸ್ ತುಂಡಿನ ಚೂರುಗಳನ್ನು ಗಾಜಿನ ಸೀಸೆಯಲ್ಲಿ ಅಸಿಟೋನ್‌ಗೆ ಹಾಕಿಟ್ಟರೆ ಕರಗಿ ಗಂಜಿಯಾಗುತ್ತದೆ. ಇದನ್ನು ಹಿಂಬದಿಯಿಂದ ತೆಳುವಾಗಿ, ಹಲವು ಸಲ ತುಂಬಿ. ಒಮ್ಮೆಲೇ ದಪ್ಪಗೆ ತುಂಬಿದರೆ ಒಳಗೆ ಸಿಕ್ಕಿಕೊಂಡ ಅಸಿಟೋನ್ ನಿಧಾನವಾಗಿ ಹೊರಬಂದು ಗುಳಿ ಬೀಳುತ್ತದೆ. ಕನಿಷ್ಠ ಒಂದು ದಿನ, ದಪ್ಪವಿದ್ದರೆ ಇನ್ನೂ ಹೆಚ್ಚು ಕಾಯ್ದು ಉಜ್ಜಿ ಸಮ ಮಾಡಿ. ಅಸಿಟೋನ್ ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುತ್ತದೆ, ಕೆಲಸದ ಜಾಗದಲ್ಲಿ ಒಲೆ, ಸಿಗರೇಟು, ಕಿಡಿ ಯಾವುದೂ ಇರಬಾರದು.

ಪಿಪಿ ಇದರಿಂದ ಕೂಡುವುದಿಲ್ಲ, ಮಾಮೂಲಿ ಸೂಪರ್ ಗ್ಲೂ ಕೂಡ ನಿಲ್ಲುವುದಿಲ್ಲ. ಅದೇ ಜಾತಿಯ ಕಡ್ಡಿ ಬಳಸಿ ಬಿಸಿಯಿಂದ ಬೆಸೆಯಬೇಕು, ಹಿಂಬದಿಯಲ್ಲಿ ಸ್ಟೀಲಿನ ಬಲೆ ಹುದುಗಿಸಿದರೆ ಇನ್ನೂ ಗಟ್ಟಿ.

ಫೋಮ್ ಡ್ಯಾಶ್‌ಬೋರ್ಡಿನ ಮೇಲಿನ ಸೀಳು ಬೇರೆಯೇ ಕಥೆ. ಬಿಸಿಲಿಗೆ ಅದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಬಾಗುವ ಫಿಲ್ಲರ್ ತುಂಬಿ ಬಣ್ಣ ಹೊಡೆದರೆ ಸ್ವಲ್ಪ ಕಾಲ ಮರೆಯಾಗುತ್ತದೆ, ಆಮೇಲೆ ಅದೇ ಗೆರೆ ಮರಳುತ್ತದೆ. ಸೀಳು ಉದ್ದವಿದ್ದರೆ ಹೊಸ ಹೊದಿಕೆ ಹಾಕುವವರ ಬಳಿಗೆ ಕೊಂಡೊಯ್ಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಂತ 5: ಉಜ್ಜಿ ಹಿಡಿತ ಕೊಡುವುದು

ನಯವಾದ ಮೇಲ್ಮೈಗೆ 400ರಿಂದ 600 ನಂಬರಿನ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ನೆನೆಸಿ ಹಗುರವಾಗಿ ಉಜ್ಜಿ. ಗುರಿ ಇಷ್ಟೇ: ಹೊಳಪು ಹೋಗಬೇಕು, ಎಲ್ಲೆಡೆ ಒಂದೇ ಸಮನೆ ಮಂಕಾಗಬೇಕು. ಓರೆ ಬೆಳಕಿನಲ್ಲಿ ಹಿಡಿದು ನೋಡಿದಾಗ ಮಿನುಗುವ ಚುಕ್ಕೆ ಕಂಡರೆ ಅಲ್ಲಿ ಇನ್ನೂ ಉಜ್ಜಿಲ್ಲ ಎಂದು ಅರ್ಥ. ಒಳಮೂಲೆಗಳು ಮತ್ತು ಅಂಚಿನ ತಿರುವುಗಳು ಸಾಮಾನ್ಯವಾಗಿ ತಪ್ಪಿಹೋಗುತ್ತವೆ.

ತೊಗಲಿನ ನೆರಿಗೆಯಂಥ ಅಚ್ಚು ಇರುವ ಮೇಲ್ಮೈಗೆ ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ. ಅದು ಉಬ್ಬುಗಳ ತಲೆಯನ್ನಷ್ಟೇ ಸವೆಸುತ್ತದೆ, ತಗ್ಗಿಗೆ ಇಳಿಯುವುದೇ ಇಲ್ಲ. ಸವೆದ ಜಾಗ ಬಣ್ಣ ಹೊಡೆದ ಮೇಲೂ ಬೋಳಾಗಿ ಎದ್ದು ಕಾಣುತ್ತದೆ. ಇಲ್ಲಿ ಬೂದು ಪ್ಯಾಡ್, ಸೋಪಿನ ನೀರು ಮತ್ತು ಗಡುಸು ಬ್ರಷ್ ಬಳಸಿ ಸುತ್ತುಸುತ್ತಾಗಿ ಉಜ್ಜಿ. ಮೆದು ವಿನೈಲಿಗೂ ಪ್ಯಾಡಿನ ಮೃದು ಉಜ್ಜುವಿಕೆ ಸಾಕು.

ಹಿಂದೆ ಯಾರೋ ಹೊಡೆದ ಬಣ್ಣ ಚಕ್ಕೆ ಏಳುತ್ತಿದ್ದರೆ ಅದರ ಮೇಲೆ ಕಟ್ಟಬೇಡಿ, ತೆಗೆಯಿರಿ. ಗೋಡೆ ಮತ್ತು ಲೋಹಕ್ಕೆ ಬಳಸುವ ಪೇಂಟ್ ರಿಮೂವರ್ ಎಬಿಎಸ್ಸನ್ನು ಬಣ್ಣದ ಜೊತೆಗೇ ಕರಗಿಸಿಬಿಡುತ್ತದೆ. ತಾಳ್ಮೆಯಿಂದ ಉಜ್ಜಿ ತೆಗೆಯುವುದೇ ದಾರಿ.

ಉಜ್ಜಿದ ಮೇಲೆ ಮತ್ತೊಮ್ಮೆ ಸೋಪಿನಿಂದ ತೊಳೆದು ಶುದ್ಧ ನೀರು ಹರಿಸಿ ನೋಡಿ. ಎಬಿಎಸ್ ಮೇಲೆ ನೀರು ಹಾಳೆಯಂತೆ ಹರಡಿ ನಿಂತರೆ ಮೇಲ್ಮೈ ಶುದ್ಧ. ಎಲ್ಲಾದರೂ ಹರಿದು ಹನಿಗಟ್ಟಿದರೆ ಅಲ್ಲಿ ಜಿಡ್ಡಿದೆ. ಪಿಪಿಗೆ ಈ ಪರೀಕ್ಷೆ ಹೊಂದದು, ಎಷ್ಟೇ ಶುದ್ಧವಾಗಿದ್ದರೂ ಅದರ ಸ್ವಭಾವಕ್ಕೇ ನೀರು ಹನಿಗಟ್ಟುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒಮ್ಮೆ ಹಗುರವಾಗಿ ಒರೆಸಿ. ಒಣಬಟ್ಟೆಯಿಂದ ಗಸಗಸ ತಿಕ್ಕಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಹುಟ್ಟಿ ಕೋಣೆಯ ಧೂಳನ್ನೆಲ್ಲ ಕರೆದುಕೊಳ್ಳುತ್ತದೆ. ಇಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟಬೇಡಿ.

ಹಂತ 6: ಬಣ್ಣ ಆರಿಸುವುದು

ಬಣ್ಣದ ಮಾದರಿಗೆ ಕಾರಿನ ಬಿಸಿಲು ಕಾಣದ ಭಾಗ ಹುಡುಕಿ. ಒಂದು ತುಂಡು ಇನ್ನೊಂದರ ಕೆಳಗೆ ಮುಚ್ಚಿಕೊಂಡಿದ್ದ ಅಂಚು, ಬ್ರಾಕೆಟ್ಟಿನ ಹಿಂಬದಿ, ಕೈಪೆಟ್ಟಿಗೆಯ ಒಳಮೈ. ಅಲ್ಲಿ ಸಿಗುವುದೇ ಕಾರ್ಖಾನೆಯ ಬಣ್ಣ. ಆದರೆ ಒಂದೆರಡು ತುಂಡಿಗಷ್ಟೇ ಬಣ್ಣ ಹೊಡೆಯುವವರು ಮಾಸಿದ ನೆರೆಯ ತುಂಡಿಗೆ ಹೊಂದಿಸಬೇಕು. ಇಲ್ಲವಾದರೆ ಹೊಸದು ಕಣ್ಣಿಗೆ ಕುಕ್ಕುತ್ತದೆ. ಹೋಲಿಕೆ ಯಾವಾಗಲೂ ಹಗಲು ಬೆಳಕಿನಲ್ಲಿ, ಪೂರ್ತಿ ಒಣಗಿದ ಮಾದರಿಯ ಮೇಲೆ.

ವರ್ಣಕ್ಕಿಂತ ಹೊಳಪಿನಲ್ಲೇ ಹೆಚ್ಚು ಜನ ಎಡವುತ್ತಾರೆ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಮ್ಯಾಟ್, ಅಂದರೆ ಹೊಳಪಿಲ್ಲದ್ದೇ ಆಗಿರಬೇಕು. ಹೊಳೆದರೆ ಅದರ ಬಿಂಬ ಮುಂಗಾಜಿನಲ್ಲಿ ಮೂಡಿ ರಸ್ತೆ ಕಾಣುವುದಿಲ್ಲ. ಉಳಿದ ತುಂಡುಗಳಿಗೆ ಮಂದ ಹೊಳಪಿನ ಸ್ಯಾಟಿನ್ ಹೊಂದುತ್ತದೆ. ಪೂರ್ಣ ಹೊಳಪಿನ ಬಣ್ಣ ಒಳಾಂಗಣವನ್ನು ಆಟಿಕೆಯ ಕಾರಿನದಂತೆ ಮಾಡಿಬಿಡುತ್ತದೆ.

ಮೆದು ವಿನೈಲಿಗೆ ಅದಕ್ಕೆಂದೇ ತಯಾರಿಸಿದ, ಬಾಗಿದರೂ ಬಿರಿಯದ ವಿನೈಲ್ ಬಣ್ಣವನ್ನೇ ಕೊಳ್ಳಿ. ಗಟ್ಟಿ ತುಂಡುಗಳಿಗೆ ಪ್ಲಾಸ್ಟಿಕ್ಕಿಗೆ ಒಗ್ಗುವ ಅಕ್ರಿಲಿಕ್ ಲ್ಯಾಕರ್ ಸಾಕು. ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಒಂದೇ ತಯಾರಕರದು ತೆಗೆದುಕೊಂಡರೆ ಒಂದರ ದ್ರಾವಕ ಇನ್ನೊಂದನ್ನು ಸುಕ್ಕುಗಟ್ಟಿಸುವ ಅಪಾಯ ತಪ್ಪುತ್ತದೆ.

ಹಂತ 7: ತಳಪದರ

ಎಬಿಎಸ್ ಮೇಲೆ ಪ್ಲಾಸ್ಟಿಕ್ ಪ್ರೈಮರನ್ನು ತೆಳುವಾಗಿ ಎರಡು ಸಲ ಹೊಡೆಯಿರಿ. ರಿಪೇರಿಯಾದ ನಯವಾದ ತುಂಡಿಗೆ ಗೀರು ಮುಚ್ಚುವ ದಪ್ಪ ಪ್ರೈಮರ್ ಬಳಸಿ, ಒಣಗಿದ ಮೇಲೆ 800 ನಂಬರಿನಿಂದ ಉಜ್ಜಬಹುದು. ನೆರಿಗೆಯ ಮೇಲ್ಮೈಗೆ ದಪ್ಪ ಪ್ರೈಮರ್ ಬೇಡ, ನೆರಿಗೆ ತುಂಬಿ ಮಾಯವಾಗುತ್ತದೆ.

ಪಿಪಿ ಮೇಲೆ ಅಡ್ಹೀಷನ್ ಪ್ರಮೋಟರ್. ಪ್ಲಾಸ್ಟಿಕ್ಕಿಗೂ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದಿಡುವ ತೆಳ್ಳನೆಯ ದ್ರವ ಇದು. ಹೆಚ್ಚಿನವು ಬಣ್ಣವಿಲ್ಲದ್ದರಿಂದ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಕಾಣುವುದಿಲ್ಲ. ಓರೆ ಬೆಳಕಿನಲ್ಲಿ ಹೊಡೆಯಿರಿ. ಇದನ್ನು ದಪ್ಪಗೆ ಹೊಡೆದರೆ ಹಿಡಿತ ಹೆಚ್ಚುವುದಿಲ್ಲ, ಬದಲಾಗಿ ಮೆತ್ತನೆಯ ಪದರವೊಂದು ಉಳಿದುಹೋಗುತ್ತದೆ. ಮುಂದಿನ ಕೋಟ್ ಎಷ್ಟು ನಿಮಿಷದೊಳಗೆ ಬೀಳಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಅವಧಿ ಮೀರಿದರೆ ಅದರ ಗುಣ ಕಳೆದುಹೋಗುತ್ತದೆ. ಪ್ರಮೋಟರ್ ಹೊಡೆದು ಊಟಕ್ಕೆ ಹೋಗುವಂತಿಲ್ಲ.

ವಿನೈಲ್ ಬಣ್ಣಗಳಲ್ಲಿ ಹೆಚ್ಚಿನವು ಪ್ರೈಮರ್ ಕೇಳುವುದಿಲ್ಲ. ಡಬ್ಬಿಯ ಸೂಚನೆ ಓದಿ ಮುಂದುವರಿಯಿರಿ.

ಹಂತ 8: ಸ್ಪ್ರೇ

ಗಾಳಿಯಾಡುವ, ಆದರೆ ಧೂಳು ಬೀಸದ ಜಾಗ. ಉಷ್ಣಾಂಶ 18ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಮಳೆ ಹಿಡಿದ ದಿನ ಕೆಲಸ ಮುಂದೂಡಿ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ, ಕಪ್ಪು ಬಣ್ಣ ಬಿಳಿಚಿಕೊಳ್ಳುತ್ತದೆ. ಡಬ್ಬಿ ತಣ್ಣಗಿದ್ದರೆ ಕೈಗೆ ಹಿತವಾದ ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಕುದಿಯುವ ನೀರಾಗಲಿ ಬೆಂಕಿಯಾಗಲಿ ಬೇಡ, 50 ಡಿಗ್ರಿ ದಾಟಿದರೆ ಡಬ್ಬಿ ಸಿಡಿಯಬಹುದು. ಒಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೂ 2 ನಿಮಿಷ ಅಲುಗಾಡಿಸಿ. ಮ್ಯಾಟ್ ಬಣ್ಣಕ್ಕೆ ಇದು ಇನ್ನೂ ಮುಖ್ಯ. ಹೊಳಪು ಕಳೆಯುವ ಪುಡಿ ತಳದಲ್ಲಿ ಕೂತಿದ್ದರೆ ಮೊದಲ ತುಂಡು ಹೊಳೆಯುತ್ತದೆ, ಕೊನೆಯದು ಸುಣ್ಣದಂತಾಗುತ್ತದೆ.

ಮೊದಲು ಒಂದು ರಟ್ಟಿನ ಮೇಲೆ ಹೊಡೆದು ನೋಡಿ. 20ರಿಂದ 25 ಸೆಂ.ಮೀ. ದೂರ. ತುಂಡಿನ ಹೊರಗೆ ಒತ್ತಲು ಶುರುಮಾಡಿ, ಒಂದೇ ವೇಗದಲ್ಲಿ ದಾಟಿಸಿ, ಹೊರಗೇ ಬಿಡಿ. ಮಣಿಕಟ್ಟನ್ನು ಬೀಸಬಾರದು, ಇಡೀ ತೋಳು ಚಲಿಸಬೇಕು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧದ ಮೇಲೆ ಬೀಳಲಿ.

ಮೊದಲು ಅಂಚು, ಸಂದಿ, ರಂಧ್ರಗಳ ಒಳಮೈ, ಆಮೇಲೆ ಮುಖ. ಮೊದಲ ಕೋಟ್ ಬರಿ ಮಂಜು. ಅದರಡಿ ಅರ್ಧ ಪ್ಲಾಸ್ಟಿಕ್ ಕಾಣುತ್ತಲೇ ಇರಬೇಕು. ಇಲ್ಲಿಯೇ ಎಲ್ಲರ ಕೈ ತಡೆಯುವುದಿಲ್ಲ, ಒಂದೇ ಸಲಕ್ಕೆ ಮುಚ್ಚಿಬಿಡುವ ಚಪಲ. ತಡೆದುಕೊಳ್ಳಿ. 5ರಿಂದ 10 ನಿಮಿಷ ಬಿಟ್ಟು ಎರಡನೆಯದು, ಹಾಗೆಯೇ ಮೂರನೆಯದು. ಬೇಕಿದ್ದರೆ ಮಾತ್ರ ನಾಲ್ಕನೆಯದು. ನೆರಿಗೆಯ ಮೇಲ್ಮೈಗೆ ಬಣ್ಣ ಮುಚ್ಚಿದ ಕೂಡಲೇ ನಿಲ್ಲಿಸಿ. ಗಾಳಿಕಿಂಡಿಯಂಥ ಚಲಿಸುವ ಭಾಗಗಳಿಗಂತೂ ಇನ್ನೂ ತೆಳು. ಕೀಲಿನಲ್ಲಿ ಬಣ್ಣ ಕೂತರೆ ಪಟ್ಟಿ ತಿರುಗುವುದಿಲ್ಲ.

ಬಾಗಿಲ ಹಿಡಿಕೆ, ಗೇರ್ ಸುತ್ತಲಿನ ಕನ್ಸೋಲ್ ಮೊದಲಾಗಿ ಕೈ ಸದಾ ತಗುಲುವ ಗಟ್ಟಿ ತುಂಡುಗಳಿಗೆ ಮ್ಯಾಟ್ ಅಥವಾ ಸ್ಯಾಟಿನ್ ಕ್ಲಿಯರ್ ಎರಡು ಕೋಟ್ ಕೊಡಿ. ಉಳಿದವಕ್ಕೆ ಅದು ವ್ಯರ್ಥ ಖರ್ಚು.

ಏನಾದರೂ ಕೆಟ್ಟರೆ? ಬಣ್ಣ ಸೋರಿ ಇಳಿದರೆ ಬೆರಳಿಂದ ಒರೆಸಲು ಹೋಗಬೇಡಿ. ಒಂದು ದಿನ ಒಣಗಿಸಿ 800 ನಂಬರಿನಿಂದ ನೀರು ಹಾಕಿ ಉಜ್ಜಿ, ಮೇಲೊಂದು ಕೋಟ್ ಕೊಡಿ. ಮೀನಿನ ಕಣ್ಣು ಕಂಡರೆ ಅಲ್ಲೇ ನಿಲ್ಲಿಸಿ, ಒಣಗಿಸಿ, ಉಜ್ಜಿ, ಹಂತ 3ಕ್ಕೆ ಮರಳಿ. ಮೈ ಮರಳು ಮರಳಾಗಿದ್ದರೆ ನೀವು ತುಂಬಾ ದೂರದಿಂದ ಹೊಡೆದಿದ್ದೀರಿ, ಬಣ್ಣ ಗಾಳಿಯಲ್ಲೇ ಒಣಗಿ ಬಿದ್ದಿದೆ. ಸುಕ್ಕುಗಟ್ಟಿದರೆ ಮಾತ್ರ ಉಪಾಯವಿಲ್ಲ, ಪೂರ್ತಿ ತೆಗೆದು ಮೊದಲಿನಿಂದ ಆರಂಭಿಸಬೇಕು. ಎಷ್ಟೋ ಲ್ಯಾಕರುಗಳಿಗೆ ಮರುಕೋಟ್ ಕೊಡಲು ಒಂದು ಅವಧಿ ಇರುತ್ತದೆ: ಅದರೊಳಗೆ ಹೊಡೆಯಬೇಕು, ಇಲ್ಲವೇ ಪೂರ್ತಿ ಗಟ್ಟಿಯಾಗುವವರೆಗೆ ಕಾಯಬೇಕು. ನಡುವೆ ಹೊಡೆದದ್ದೇ ಸುಕ್ಕಿಗೆ ಸಾಮಾನ್ಯ ಕಾರಣ.

ಹಂತ 9: ಒಣಗಿಸುವುದು, ಕೂರಿಸುವುದು

ಅರ್ಧ ಗಂಟೆಯಲ್ಲಿ ಬೆರಳಿಗೆ ಅಂಟದಂತಾಗುತ್ತದೆ. ಅದನ್ನು ನಂಬಿ ಕೂರಿಸಬೇಡಿ. ಒಳಗೆ ಇನ್ನೂ ಮೆತ್ತಗಿರುತ್ತದೆ, ಕ್ಲಿಪ್ ಒತ್ತುವಾಗ ಹೆಬ್ಬೆರಳ ಅಚ್ಚು ಉಳಿಯುತ್ತದೆ. ಕನಿಷ್ಠ ಎರಡು ದಿನ ಬಿಡಿ. ವಾರ ಬಿಟ್ಟರೆ ಇನ್ನೂ ಒಳ್ಳೆಯದು. ಬೇಗ ಒಣಗಲೆಂದು ಸುಡು ಬಿಸಿಲಿಗೋ ಓವನ್ನಿಗೋ ಇಟ್ಟರೆ ತೆಳು ತುಂಡುಗಳು ಸೊಟ್ಟಗಾಗಿ ಮರಳಿ ಹೊಂದುವುದಿಲ್ಲ.

ಹಿಡಿತ ನೋಡಲು ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಅಡ್ಡ ಉದ್ದ ಗೀರು ಹಾಕಿ, ಮಾಸ್ಕಿಂಗ್ ಟೇಪು ಒತ್ತಿ ಅಂಟಿಸಿ, ಸರಕ್ಕನೆ ಎಳೆಯಿರಿ. ಟೇಪಿನ ಮೇಲೆ ಬಣ್ಣದ ಚೌಕಗಳು ಬರಬಾರದು. ಇದನ್ನು ಎಲ್ಲ ತುಂಡುಗಳೂ ಮುಗಿದ ಮೇಲೆ ಮಾಡುವುದಕ್ಕಿಂತ ಮೊದಲ ಸಣ್ಣ ತುಂಡಿನ ಮೇಲೆಯೇ ಮಾಡುವುದು ಜಾಣತನ.

ಗುಬುಟಿನ ಮೇಲೆ ಕೊರೆದ ಅಕ್ಷರಗಳಿದ್ದರೆ ಗೀರಿನೊಳಗೆ ಬಿಳಿ ಅಕ್ರಿಲಿಕ್ ಬಣ್ಣ ತುಂಬಿ, ಮೇಲೆ ಉಳಿದದ್ದನ್ನು ಒದ್ದೆ ಬಟ್ಟೆ ಸುತ್ತಿದ ಚಪ್ಪಟೆ ಕಾರ್ಡಿನಿಂದ ಒರೆಸಿ. ಬಟ್ಟೆ ಸಡಿಲವಾಗಿದ್ದರೆ ಗೀರಿನೊಳಗಿನದನ್ನೂ ಎಳೆದುಕೊಂಡು ಬರುತ್ತದೆ. ಕ್ರೋಮ್ ಅಂಚಿಗೆ ಹಾಕಿದ ಟೇಪನ್ನು ಕೊನೆಯ ಕೋಟ್ ಸ್ವಲ್ಪ ಹಸಿಯಿರುವಾಗಲೇ ತನ್ನ ಮೇಲೇ ಮಡಚಿದಂತೆ ನಿಧಾನ ಎಳೆಯಬೇಕು. ಗಟ್ಟಿಯಾದ ಮೇಲೆ ಎಳೆದರೆ ಅಂಚು ಹಲ್ಲುಹಲ್ಲಾಗಿ ಹರಿಯುತ್ತದೆ.

ಕೂರಿಸುವಾಗಲೂ ಪ್ಲಾಸ್ಟಿಕ್ ಬೆಚ್ಚಗಿರಲಿ. ಎಲ್ಲ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಾಕಿ, ತುಂಡು ತನ್ನ ಜಾಗದಲ್ಲಿ ಕೂತ ಮೇಲೆ ಕೈಯಿಂದಲೇ ಬಿಗಿಯಿರಿ. ಪವರ್ ಸ್ಕ್ರೂಡ್ರೈವರ್ ಸ್ಕ್ರೂ ಕೂರುವ ಹಳೆಯ ಪ್ಲಾಸ್ಟಿಕ್ ಕೊಳವೆಯನ್ನು ಸೀಳುತ್ತದೆ. ಎರಡು ತುಂಡುಗಳು ಒಂದಕ್ಕೊಂದು ಉಜ್ಜುವ ಜಾಗಕ್ಕೆ ಬಟ್ಟೆಯ ತೆಳು ಟೇಪ್ ಅಂಟಿಸಿದರೆ ಬಣ್ಣವೂ ಸವೆಯದು, ಕಿರುಗುಟ್ಟುವ ಸದ್ದೂ ಬಾರದು.

ಮುಂದೆ ಒರೆಸಲು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ ಸಾಕು. ಸಿಲಿಕೋನ್ ಪಾಲಿಶ್ ಮತ್ತೆ ಹಚ್ಚಬೇಡಿ. ಹಚ್ಚಿದರೆ ಮುಂದೊಂದು ದಿನ ಸಣ್ಣ ಗೀರಿಗೆ ಬಣ್ಣ ತಾಗಿಸಲೂ ಆಗುವುದಿಲ್ಲ. ಉಳಿದ ಡಬ್ಬಿಯನ್ನು ತಲೆಕೆಳಗು ಹಿಡಿದು, ಬರಿ ಗಾಳಿ ಬರುವವರೆಗೆ ಒತ್ತಿ ನಳಿಕೆ ಸ್ವಚ್ಛ ಮಾಡಿ. ಅದರ ಮೇಲೆ ಯಾವ ತುಂಡಿಗೆ ಹೊಡೆದದ್ದು, ಯಾವ ತಳಪದರದ ಮೇಲೆ, ಯಾವ ತಾರೀಕು ಎಂದು ಬರೆದು ತಂಪಾದ ಜಾಗದಲ್ಲಿಡಿ.